ಹನ್ನೆರಡನೇ ಮನೆಯ ನೆಪಚೂನ

ಗಣಪತಿಯನ್ನು ನೀರಿಗೆ ಬಿಟ್ಟು ಬಂದ ಮೇಲೆ ಮುಂಬಯಿಯಲ್ಲಿ ಒಂದು ಸೆಕೆ ಶುರುವಾಗುತ್ತದೆ. ಮಳೆ ಹೋಗಿರುತ್ತದೆ, ಚಳಿ ಬಂದಿರುವುದಿಲ್ಲ, ಕೈ ಇಟ್ಟರೆ ಗೋಡೆಯೂ ಬೆವರುತ್ತಿರುತ್ತದೆ. ಆ ಸೆಕೆಯ ಒಂದು ಸಂಜೆ, ನಲ್ಲಿಯಲ್ಲಿ ನೀರು ಬಂದು ಹೋಗುವ ಹೊತ್ತಿಗೆ ಇದೆಲ್ಲ ಶುರುವಾದದ್ದು. ಜೋಗೇಶ್ವರಿ ಪೂರ್ವದ ಗಂಗಾರಾಮ ಚಾಳಿನಲ್ಲಿ ಅವತ್ತು ಎಲ್ಲರಿಗೂ ನೀರು ಬಂದಿತ್ತು. ಒಂಬತ್ತನೇ ನಂಬರಿನ ಕಾಂತಪ್ಪನಿಗೆ ಮಾತ್ರ ಹೋಗಿತ್ತು.

ಕಾಂತಪ್ಪ ಫೋರ್ಟಿನ ಒಂದು ಉಡುಪಿ ಹೋಟೆಲಿನಲ್ಲಿ ಸಪ್ಲೈಯರ್. ಅವತ್ತು ಅವನಿಗೆ ವಾರದ ರಜೆ. ಹೆಂಡತಿ ವಸಂತಿಗೆ ರಜೆ ಇಲ್ಲ. ಅವಳು ಹತ್ತಿರದ ಒಂದು ಸಣ್ಣ ಕಾರ್ಖಾನೆಯಲ್ಲಿ ಪ್ಲಾಸ್ಟಿಕ್ ಡಬ್ಬಿಗಳಿಗೆ ದಿನವಿಡೀ ಮುಚ್ಚಳ ಹಾಕುತ್ತಾಳೆ. ಬೆಳಿಗ್ಗೆ ಹೋಗುವಾಗ ಗಂಡನಿಗೆ ಒಂದೇ ಒಂದು ಕೆಲಸ ಹೇಳಿ ಹೋಗಿದ್ದಳು: ಡ್ರಮ್ಮು ತುಂಬಿಸಿಡುವುದು. ಸಂಜೆ ಬಂದು ಡ್ರಮ್ಮಿಗೆ ಬಡಿದು ನೋಡಿದಳು. ದೇವಸ್ಥಾನದ ನಗಾರಿಯ ಹಾಗೆ ಶಬ್ದ ಬಂತು.

"ನೀರು ಎಲ್ಲಿ?"

"ನಾನು ಎಂತದೋ ಆಲೋಚನೆಯಲ್ಲಿದ್ದೆ" ಎಂದ ಕಾಂತಪ್ಪ. ಅವನ ಬಲಗೆನ್ನೆಯ ಮೇಲೆ ಚಾಪೆಯ ಗೆರೆಗಳು ಅಚ್ಚುಹಾಕಿದ ಹಾಗೆ ಮೂಡಿದ್ದವು.

"ಚಾಪೆಯ ಮೇಲೆ ಮಾಡುವಂಥ ಆಲೋಚನೆ ಎಂತದು?"

ಕಾಂತಪ್ಪ ಕೆನ್ನೆ ಉಜ್ಜಿಕೊಳ್ಳುತ್ತಿದ್ದಾಗಲೇ ಮೇಲಿನ ಮಾಳಿಗೆಯ ಹರಿಣಿ ಮೆಟ್ಟಿಲಿಳಿದು ಬಂದಳು. ಪವಾಯಿಯ ಯಾವುದೋ ಕಂಪ್ಯೂಟರ್ ಆಫೀಸಿನಲ್ಲಿ ಕೆಲಸ ಮಾಡುವ ಹುಡುಗಿ. ಅವಳ ಕನ್ನಡ ಲೋಕಲ್ ಟ್ರೇನಿನ ಹಾಗೆ, ನಿಂತು ನಿಂತು ಬರುತ್ತದೆ. ಮೊಬೈಲಿನಲ್ಲಿ ಜಾತಕ ನೋಡುವ ಹುಚ್ಚು ಹಿಡಿದು ಆ ವಾರ ಚಾಳಿನವರೆಲ್ಲರ ಹುಟ್ಟಿದ ಹೊತ್ತು ಕೇಳಿಕೊಂಡು ತಿರುಗುತ್ತಿದ್ದಳು.

"ಆಂಟಿ, ಅಂಕಲ್‌ದು ಗಲ್ತಿ ಅಲ್ಲ. ಅವರ ಚಾರ್ಟ್‌ನಲ್ಲಿ ನೆಪ್ಚೂನ್ ಹನ್ನೆರಡನೇ ಮನೇಲಿ ಉಂಟು. ಅದಕ್ಕೇ ಅವರು ಹೀಗೆ."

"ಹೀಗೆ ಅಂದರೆ?" ಎಂದಳು ವಸಂತಿ.

"ಕನಸು ಕಾಣೋರು. ಕ್ರಿಯೇಟಿವ್. ಆರ್ಟಿಸ್ಟ್ ಟೈಪ್. ಮತ್ತೆ ಸ್ವಲ್ಪ ಎಸ್ಕೇಪಿಸ್ಟ್, ಅಂದ್ರೆ... ಕಷ್ಟ ಬಂದ್ರೆ ಭಾಗ್ ಜಾತೇ ಹೈ. ನೆಪ್ಚೂನ್ ನೀರಿನ ಗ್ರಹ ಆಂಟಿ, ಹರೀತಾ ಇರುತ್ತೆ."

"ನೀರಿನ ಗ್ರಹ ಮನೆಯಲ್ಲೇ ಇದ್ದೂ ನನ್ನ ಡ್ರಮ್ಮು ಖಾಲಿಯಾ?"

ಹರಿಣಿ ಹೇಳಿದ್ದರಲ್ಲಿ ಕನಸು ಕಾಂತಪ್ಪನ ಕಿವಿಗೆ ಬಿತ್ತು, ಕಲೆ ಬಿತ್ತು. ಓಡಿಹೋಗುವ ಮಾತು ಬಂದಾಗ ಅವನ ಕಿವಿ ಬಾಗಿಲು ಹಾಕಿಕೊಂಡಿತು. ಪಾಪ, ಅವನ ಸ್ಥಿತಿಯನ್ನೂ ನೋಡಬೇಕು. ಇಡೀ ಆಯುಷ್ಯ ಅವನು ನೆಪ ಹೇಳಿಕೊಂಡೇ ಬಂದವನು. ಟ್ರೇನು ಲೇಟು, ಹೊಟ್ಟೆಯಲ್ಲಿ ಗ್ಯಾಸು, ಊರಿನಲ್ಲಿ ಭೂತಕೋಲ ಎಂದೆಲ್ಲ ಆಗಿತ್ತು. ಒಂದೇ ಅತ್ತೆಯ ವರ್ಷಾಂತವನ್ನು ಒಂದೇ ವರ್ಷ ಎರಡು ಸಲ ಮಾಡಿಸಿದ್ದೂ ಆಗಿತ್ತು. ಯಾವ ನೆಪವನ್ನೂ ಯಾರೂ ನಂಬಿರಲಿಲ್ಲ. ಈಗ ನೋಡಿದರೆ ಆಕಾಶದಲ್ಲಿ ಒಂದು ಗ್ರಹವೇ ಇದೆ, ಅದರ ಹೆಸರಿನಲ್ಲಿಯೇ ನೆಪ ಇದೆ, ಅದು ತನ್ನ ಜಾತಕದಲ್ಲಿ ಬಂದು ಕೂತಿದೆ! ನೆಪಚೂನ, ನೆಪಚೂನ ಎಂದು ಎರಡು ಸಲ ಹೇಳಿ ನೋಡಿದ. ಬಾಯಿಗೆ ಚೆನ್ನಾಗಿ ಕೂತಿತು.

ಅವತ್ತು ರಾತ್ರಿಯ ಊಟಕ್ಕೆ ನೀರು ಪಕ್ಕದ ಮನೆಯಿಂದ ಬಂತು. ತಂದವಳು ವಸಂತಿ.

ಮರುದಿನದಿಂದ ಕಾಂತಪ್ಪ ಕಲಾವಿದನಾದ. ಡಿಸೆಂಬರಿನಲ್ಲಿ ಕನ್ನಡ ಸಂಘದ ವಾರ್ಷಿಕೋತ್ಸವ ಇತ್ತು. ಅದಕ್ಕೆ ಒಂದು ನಾಟಕ ಬರೆಯುತ್ತೇನೆಂದು ಹೋಟೆಲಿನ ಅಡಿಗೆಯವರಿಗೆ ಹೇಳಿದ, ಪಾತ್ರೆ ತೊಳೆಯುವವರಿಗೆ ಹೇಳಿದ, ಲೋಕಲ್ಲಿನಲ್ಲಿ ಪಕ್ಕದಲ್ಲಿ ಕೂತ ಗುಜರಾತಿ ಮುದುಕನಿಗೂ ಹೇಳಿದ. 'ಪರದೆ ಮೇಲೇಳುತ್ತದೆ' ಎಂಬ ಒಂದು ಸಾಲನ್ನು ಬರೆದೂ ಬರೆದ. ಎದ್ದ ಪರದೆಯ ಹಿಂದೆ ಯಾರು ನಿಂತಿದ್ದಾರೆಂದು ಅವನಿಗೆ ಗೊತ್ತಿರಲಿಲ್ಲ. ಅದು ನೆಪಚೂನನ ಜವಾಬ್ದಾರಿ ಎಂದುಕೊಂಡ.

ಫೋರ್ಟಿನ ಹೋಟೆಲಿನಲ್ಲಿ ಮಧ್ಯಾಹ್ನ ಒಂದು ಗಂಟೆ ಎಂದರೆ ಯುದ್ಧ. ಬ್ಯಾಂಕಿನವರು, ಕೋರ್ಟಿನವರು, ಶಿಪ್ಪಿಂಗ್ ಆಫೀಸಿನವರು ಎಲ್ಲ ಒಟ್ಟಿಗೆ ನುಗ್ಗುತ್ತಾರೆ. ಊಟ ಮಾಡುವವನ ಕುರ್ಚಿಯ ಹಿಂದೆ ಇನ್ನೊಬ್ಬ ನಿಂತು ಅವನ ಮಜ್ಜಿಗೆ ಮುಗಿಯುವುದನ್ನೇ ಕಾಯುತ್ತಿರುತ್ತಾನೆ. ಆ ಹೊತ್ತಿನಲ್ಲಿ ಕಾಂತಪ್ಪ ಕೈಯಲ್ಲಿ ಸಾಂಬಾರಿನ ಬಟ್ಟಲು ಹಿಡಿದುಕೊಂಡು ತಿರುಗುವ ಫ್ಯಾನನ್ನು ನೋಡುತ್ತ ನಿಂತುಬಿಟ್ಟ. ಒಬ್ಬ ವಕೀಲರು ಸಾದಾ ದೋಸೆ ಕೇಳಿದ್ದರು. ಅವರ ಮುಂದೆ ಎರಡು ಮೊಸರುವಡೆ ಬಂದವು. ಕೇಳಿದ್ದಕ್ಕೆ, "ತಿಂದು ನೋಡಿ ಸರ್, ಬೇರೆ ಅನುಭವ" ಎಂದ.

ಹೋಟೆಲಿನ ಮ್ಯಾನೇಜರು ಕೊರಗಪ್ಪ. ವಸಂತಿಯ ಅಣ್ಣ. ಕಾಂತಪ್ಪನಿಗೆ ಈ ಕೆಲಸ ಕೊಡಿಸಿದವರೂ ಅವರೇ. ತಂಗಿಯ ಮುಖ ನೋಡಿ ಕೊಡಿಸಿದ್ದು, ಆಮೇಲೆ ಭಾವನ ಮುಖ ನೋಡಿ ಪಶ್ಚಾತ್ತಾಪ ಪಡುತ್ತಿದ್ದದ್ದು.

"ಕಾಂತಪ್ಪ, ಆ ಮೂಲೆಯ ಟೇಬಲಿನವರು ಇಡ್ಲಿ ಇಡ್ಲಿ ಅಂತ ಬೊಬ್ಬೆ ಹಾಕ್ತಾ ಇದ್ದಾರೆ, ಕೇಳುವುದಿಲ್ಲವಾ ನಿನಗೆ?"

"ಕೇಳ್ತದೆ ಭಾವ. ಆದರೆ ಇಡ್ಲಿ ಎಂಬ ಶಬ್ದ ನನಗೆ ಈಗ ಬೇರೆ ಥರ ಕೇಳ್ತಾ ಉಂಟು."

"ಬೇರೆ ಥರ ಅಂದರೆ? ವಡೆಯ ಹಾಗಾ?"

"ನಿಮಗೆ ಗೊತ್ತಾಗುವುದಿಲ್ಲ ಭಾವ, ನನ್ನ ಹನ್ನೆರಡನೇ..."

"ಮಾರಾಯ, ನೆಪ ಹೇಳಬೇಡ."

"ನೆಪ ಅಲ್ಲ ಭಾವ. ನೆಪಚೂನ."

ಕೊರಗಪ್ಪ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಮುಂಬಯಿಯಲ್ಲಿ ಚೂನಾ ಹಚ್ಚುವುದೆಂದರೆ ಟೋಪಿ ಹಾಕುವುದು. "ನೆಪ ನಮ್ಮ ಕನ್ನಡದ್ದು, ಚೂನಾ ಇವರ ಹಿಂದಿಯದ್ದು. ಮೊದಲು ನೆಪ ಹೇಳುವುದು, ಆಮೇಲೆ ಚೂನಾ ಹಚ್ಚುವುದು. ಹೆಸರಿಟ್ಟವನು ನಿನ್ನನ್ನು ನೋಡಿಯೇ ಇಟ್ಟಿದ್ದಾನೆ. ಹೋಗು, ನಾಳೆಯಿಂದ ಬೆಳಗಿನ ಪಾಳಿ ಮಾತ್ರ ಮಾಡು. ಮಧ್ಯಾಹ್ನದ ರಶ್ಶಿನಲ್ಲಿ ನಿನ್ನ ಮೋರೆ ನನಗೆ ಕಾಣಬಾರದು."

ಬೇರೆ ಯಾರಾದರೂ ಆಗಿದ್ದರೆ ಇದನ್ನು ಶಿಕ್ಷೆ ಎಂದು ತಿಳಿಯುತ್ತಿದ್ದರು. ಕಾಂತಪ್ಪ ಅನುಗ್ರಹ ಎಂದು ತಿಳಿದ.

ಈಗ ಮಧ್ಯಾಹ್ನಗಳೆಲ್ಲ ಅವನವು. ಆದರೆ ಒಂಬತ್ತನೇ ನಂಬರಿನಲ್ಲಿ ಕಲೆ ಹುಟ್ಟುವ ಹಾಗಿರಲಿಲ್ಲ. ಮೇಲೆ ಹೊಲಿಗೆ ಮಿಶನ್ನು, ಎದುರಿಗೆ ವೆಲ್ಡಿಂಗು, ಓಣಿಯಲ್ಲಿ ಮೀನಿನವಳು. ಹರಿಣಿಯನ್ನು ಕೇಳಿದ. "ಅಂಕಲ್, ಹನ್ನೆರಡನೇ ಮನೆ ಅಂದ್ರೆ ಏಕಾಂತ. ಸ್ಲೀಪ್. ಸಪ್ನೆ. ನಿಮಗೆ ಅಲ್ಲೇ ಶಾಂತಿ ಸಿಗೋದು" ಎಂದು ಹೇಳಿ ಅವಳು ರಿಕ್ಷಾ ಹಿಡಿಯಲು ಓಡಿದಳು.

ಮನೆಗೆ ಬಂದು ಕಾಂತಪ್ಪ ಗೋಡೆ ನೋಡಿದ. ಕ್ಯಾಲೆಂಡರಿನ ಪಕ್ಕದ ಮೊಳೆಯಲ್ಲಿ ಒಂದು ಬೀಗದ ಕೈ ತೂಗುತ್ತಿತ್ತು. ಅದಕ್ಕೆ ಕಟ್ಟಿದ ತಗಡಿನ ಮೇಲೆ ಕೆಂಪು ಬಣ್ಣದಲ್ಲಿ 12 ಎಂದು ಬರೆದಿತ್ತು.

ಹನ್ನೆರಡನೇ ನಂಬರು ಗುರುಬಾಯಿಯ ಮನೆ. ವಿಜಯಪುರದ ಕಡೆಯವಳು, ಗಂಡ ಕಟ್ಟಡದ ಕೆಲಸಕ್ಕೆ ಬಂದು ಇಲ್ಲಿಯೇ ತೀರಿಕೊಂಡಿದ್ದ. ಆಕೆ ಜೋಳದ ರೊಟ್ಟಿ ಬಡಿದು ಮಾರಿ ಮಗಳು ಮಹಾದೇವಿಯ ಮದುವೆ ಮಾಡಿದವಳು. ಈಗ ಮಗಳ ಬಾಣಂತನಕ್ಕೆ ಊರಿಗೆ ಹೋಗಿದ್ದಳು. ಹೋಗುವಾಗ ಬೀಗದ ಕೈಯನ್ನು ವಸಂತಿಯ ಕೈಗೆ ಕೊಟ್ಟು, "ತುಳಸೀಗಿಷ್ಟು ನೀರ ಹಾಕವಾ, ಒಣಗಿಸಬ್ಯಾಡ" ಎಂದು ಹೇಳಿ ಹೋಗಿದ್ದಳು.

"ಇನ್ನು ಮೇಲೆ ಗುರುಬಾಯಕ್ಕನ ತುಳಸಿಗೆ ನಾನೇ ನೀರು ಹಾಕ್ತೇನೆ" ಎಂದ ಕಾಂತಪ್ಪ. ವಸಂತಿ ರೊಟ್ಟಿಯ ಹಿಟ್ಟಿನ ಕೈಯಲ್ಲೇ ತಿರುಗಿ ಗಂಡನನ್ನು ನೋಡಿದಳು. ಮದುವೆಯಾದ ಮೇಲೆ ಈ ಮನುಷ್ಯ ತಾನಾಗಿ ಕೇಳಿ ತೆಗೆದುಕೊಂಡ ಮೊದಲ ಕೆಲಸ ಇದು. ಸಂಶಯ ಬಂತು, ಆದರೆ ತುಳಸಿಯ ವಿಷಯದಲ್ಲಿ ಎಂತ ಸಂಶಯ ಪಡುವುದೆಂದು ಮತ್ತೆ ಹಿಟ್ಟಿನ ಕಡೆ ತಿರುಗಿದಳು.

ಹಾಗೆ ಕಾಂತಪ್ಪ ದಿನಾ ಮಧ್ಯಾಹ್ನ ಹನ್ನೆರಡನೇ ಮನೆ ಹೊಕ್ಕ. ಯಾರೂ ತೊಂದರೆ ಕೊಡಬಾರದೆಂದು ಒಳಗಿನಿಂದ ಚಿಲಕ ಹಾಕಿದ. ಗುರುಬಾಯಿಯ ಚಾಪೆ ಬಿಚ್ಚಿದ, ಗುರುಬಾಯಿಯ ಫ್ಯಾನು ಹಾಕಿದ, ಗುರುಬಾಯಿಯ ತಲೆದಿಂಬಿಗೆ ತಲೆ ಕೊಟ್ಟ. ಎದೆಯ ಮೇಲೆ ಕಾಗದ, ಕಾಗದದ ಮೇಲೆ 'ಪರದೆ ಮೇಲೇಳುತ್ತದೆ'. ಸ್ವಲ್ಪ ಹೊತ್ತಿನಲ್ಲಿ ಅವನ ರೆಪ್ಪೆಯ ಪರದೆ ಕೆಳಗಿಳಿಯುತ್ತಿತ್ತು. ಆಮೇಲೆ ಗೊರಕೆ. ಮಹಾಕಾವ್ಯಗಳೂ ಹೀಗೆಯೇ ಶುರುವಾಗಿರಬಹುದು, ಕಂಡವರಿಲ್ಲ. ತುಳಸಿಗೆ ನೀರು ಹಾಕುವುದು ಮಾತ್ರ ಅವನಿಗೆ ಒಂದು ದಿನವೂ ನೆನಪಾಗಲಿಲ್ಲ.

ಪಕ್ಕದ ಹನ್ನೊಂದನೇ ನಂಬರು ಚಾಳಿನ ಸೆಕ್ರೆಟರಿ ಸುಹಾಸನದು. ಮರಾಠಿಯವನು. ಕನ್ನಡದವರ ಜೊತೆ ಜಗಳ ಆಡಿ ಆಡಿ ಕನ್ನಡ ಕಲಿತಿದ್ದ, ಹಾಗಾಗಿ ಅವನಿಗೆ ಬರುತ್ತಿದ್ದದ್ದು ಜಗಳದ ಕನ್ನಡ ಮಾತ್ರ. 'ಊಟ ಆಯ್ತಾ' ಎಂದು ಕೇಳಿದರೂ ಬೈದ ಹಾಗೆ ಇರುತ್ತಿತ್ತು. ಆ ದಿನಗಳಲ್ಲಿ ಅವನ ತಲೆಯಲ್ಲಿ ಒಂದೇ ವಿಷಯ. ಚಾಳನ್ನು ಕೆಡವಿ ದೊಡ್ಡ ಬಿಲ್ಡಿಂಗು ಕಟ್ಟುವುದೆಂದು ನಿಶ್ಚಯವಾಗಿತ್ತು. ಬರುವ ರವಿವಾರ ಬಿಲ್ಡರನ ಜನ ಬಂದು ಯಾವ ಮನೆಯಲ್ಲಿ ಯಾರಿದ್ದಾರೆಂದು ನೋಡಿ ಬರೆದುಕೊಳ್ಳುವವರಿದ್ದರು. ತನ್ನ ಮನೆಯಲ್ಲಿ ತಾನಿದ್ದವನಿಗೆ ಹೊಸ ಬಿಲ್ಡಿಂಗಿನಲ್ಲಿ ಮನೆ. ಬಾಡಿಗೆಯವನನ್ನು ಕೂರಿಸಿದವನಿಗೆ, ಒಬ್ಬನೇ ಎರಡು ಮನೆ ಹಿಡಿದವನಿಗೆ ಏನೂ ಇಲ್ಲ, ರಸ್ತೆ.

ಸುಹಾಸನ ಹೆಂಡತಿ ವಂದನಾಳಿಗೆ ಗೋಡೆಯ ಆಚೆಯಿಂದ ಗೊರಕೆ ಕೇಳಿಸಿತು. ಗುರುಬಾಯಿ ಊರಿನಲ್ಲಿ, ಗೊರಕೆ ಇಲ್ಲಿ. ಬಾಗಿಲು ಬಡಿದಳು. ಗೊರಕೆ ನಿಂತಿತು, ಬಾಗಿಲು ತೆರೆಯಲಿಲ್ಲ. ಸಂಜೆ ಓಣಿಯಲ್ಲಿ ಕಾಂತಪ್ಪ ಕಂಡ.

"ಕಾಂತಪ್ಪಣ್ಣ, ಬಾರಾ ನಂಬರ್ ಮನೇಲಿ ಯಾರು ಇದಾರೆ?"

ಚಾಳಿನವರೆಲ್ಲ ಆಗ ಜಾತಕದ ಮಾತನ್ನೇ ಆಡುತ್ತಿದ್ದರು. ಇವಳಿಗೂ ತನ್ನ ಕೀರ್ತಿ ಮುಟ್ಟಿತೆಂದು ಕಾಂತಪ್ಪ ಕಾಲರು ಸರಿಮಾಡಿಕೊಂಡ.

"ಹನ್ನೆರಡರಲ್ಲಾ? ನೆಪಚೂನ ಇದ್ದಾನೆ."

"ಯಾವಾಗಿಂದ?"

"ಮೊದಲಿನಿಂದಲೂ ಇದ್ದನಂತೆ ವಂದನಾ ಬಾಯಿ. ನಮಗೆ ಈಗ ಗೊತ್ತಾದದ್ದು."

"ಏನು ಕೆಲಸ ಅವನದು?"

"ಕೆಲಸ ಅಂತ ಇಲ್ಲ. ಕನಸು ತೋರಿಸ್ತಾನೆ. ಜನರನ್ನು ಬೇರೆ ಲೋಕಕ್ಕೆ ಕರ್ಕೊಂಡು ಹೋಗ್ತಾನೆ. ಕೆಲವರಿಗೆ ಅವನಿಂದ ನಶೆಯ ಚಟವೂ ಆಗ್ತದಂತೆ, ಹರಿಣಿ ಹೇಳಿದಳು."

"ಅಗಬಾಯಿ!" ಎಂದು ವಂದನಾ ಬಾಯಿಗೆ ಸೆರಗು ಒತ್ತಿಕೊಂಡಳು.

"ಹೆದರಬೇಡಿ. ನನಗೆ ಅವನಿಂದ ಒಳ್ಳೆಯದೇ ಆಗ್ತಾ ಉಂಟು" ಎಂದು ಕಾಂತಪ್ಪ ಸಮಾಧಾನ ಹೇಳಿ ಹೋದ.

ಕತ್ತಲಾಗುವುದರೊಳಗೆ ನೆಪಚೂನನಿಗೆ ಕೈಕಾಲು ಮೂಡಿದವು. ಅವನಿಗೆ ಗಡ್ಡ ಇದೆ ಎಂದು ಒಬ್ಬರು, ಇಲ್ಲ, ಕಿವಿಯಲ್ಲಿ ರಿಂಗು ಇದೆ ಎಂದು ಇನ್ನೊಬ್ಬರು. ಆರನೇ ನಂಬರಿನ ಇಂದ್ರಾಬಾಯಿ ಅವನನ್ನು ಮೆಟ್ಟಿಲ ಮೇಲೆ ಕಂಡದ್ದಾಗಿಯೂ, ಅವನು ತನಗೆ 'ನಮಸ್ತೆ' ಎಂದದ್ದಾಗಿಯೂ, ಬಾಯಿಯಿಂದ ವಾಸನೆ ಬರುತ್ತಿದ್ದದ್ದಾಗಿಯೂ ಹೇಳಿದಳು. ಸುಹಾಸ ಅದನ್ನೆಲ್ಲ ಕೂಡಿಸಿಕೊಂಡು ಪೊಲೀಸ್ ಚೌಕಿಗೆ ಹೋಗಿ ದೂರು ಕೊಟ್ಟು ಬಂದ: ನಮ್ಮ ಚಾಳಿನಲ್ಲಿ ಗುರುತಿಲ್ಲದ ಗಂಡಸೊಬ್ಬ ಸೇರಿಕೊಂಡು ನಶೆಯ ಸಾಮಾನು ಕೊಡುತ್ತಿದ್ದಾನೆ.

ಬುಧವಾರ ಸಂಜೆ ಹವಾಲ್ದಾರ ಗದಿಗೆಪ್ಪ ಬಂದ. ಜತ್ತದ ಕಡೆಯವನು, ಕನ್ನಡದವನೇ. ಹೊಟ್ಟೆ ಮೊದಲು ಬಂತು, ಆಮೇಲೆ ಅವನು ಬಂದ. ಚಾಳು ಪೂರ್ತಿ ಓಣಿಯಲ್ಲಿ ನೆರೆಯಿತು. ಕೆಲಸದಿಂದ ಆಗಷ್ಟೇ ಬಂದ ವಸಂತಿಯೂ ಚಪ್ಪಲಿ ಕಾಲಲ್ಲೇ ನಿಂತಳು. ಸುಹಾಸ ಕಾಂತಪ್ಪನನ್ನು ಎಳೆದು ತಂದು ನಿಲ್ಲಿಸಿದ. "ಸಾಹೇಬ್, ಇವನಿಗೇ ಎಲ್ಲಾ ಗೊತ್ತು!"

"ಯಾಂವಪಾ ಈ ನೆಪಚೂನ?" ಎಂದ ಗದಿಗೆಪ್ಪ.

ಪೊಲೀಸರಿಗೂ ಜಾತಕದ ಆಸಕ್ತಿ ಇದೆಯೆಂದು ಕಾಂತಪ್ಪನಿಗೆ ಸಂತೋಷವಾಯಿತು. "ದೊಡ್ಡವನು ಸಾಹೇಬ್ರೆ. ದೊಡ್ಡ ಪ್ರಭಾವ."

"ಪ್ರಭಾವ ಐತಿ? ಯಾವ ಪಾರ್ಟಿ?"

"ಪಾರ್ಟಿ ಎಲ್ಲ ಇಲ್ಲ."

"ಎಲ್ಲಿಂದ ಬಂದಾಂವ?"

"ಭಾರಿ ದೂರ. ಸೂರ್ಯನ ಬೆಳಕು ಕೂಡ ಸರಿಯಾಗಿ ಮುಟ್ಟುವುದಿಲ್ಲ ಅಲ್ಲಿಗೆ."

"ವಿರಾರ ಸ್ಟೇಶನ್ನಿನ ಆಚೀಗೇನು?"

"ಆಚೆಗೇ."

"ಆಧಾರ ಐತೋ ಇಲ್ಲೋ?"

"ಆಕಾಶದಲ್ಲಿ ಎಂತ ಆಧಾರ ಸಾಹೇಬ್ರೆ? ಹಾಗೇ ನಿಂತಿದ್ದಾನೆ."

"ಒಬ್ಬನ ಇರ್ತಾನೇನ?"

"ಅವನು ಒಬ್ಬನೇ. ಸುತ್ತಮುತ್ತ ಚಂದ್ರರು ಸುಮಾರು ಜನ ಇದ್ದಾರಂತೆ."

"ಚಂದ್ರಾ? ಅವ್ರೆಲ್ಲಾ ಇದ ಮನ್ಯಾಗ ಮಲಗತಾರ? ಇನ್ನ ಎಷ್ಟ ದಿನಾ ಇರಾಂವಂತ ಇಲ್ಲೆ?"

"ಹೇಳ್ಲಿಕ್ಕಾಗುವುದಿಲ್ಲ. ಒಂದು ಮನೆಗೆ ಬಂದರೆ ಹದಿನಾಲ್ಕು ವರ್ಷ ಕದಲುವುದಿಲ್ಲ ಅಂತ ಹರಿಣಿ ಹೇಳಿದ್ದಾಳೆ."

ಸುಹಾಸ ಎರಡೂ ಕೈ ತಲೆಯ ಮೇಲಿಟ್ಟುಕೊಂಡು ಮೆಟ್ಟಿಲ ಮೇಲೆ ಕುಸಿದ. "ಚೌದಾ ವರ್ಷ! ಮನೆ ಅವನದೇ ಆಯ್ತು! ಗುರುಬಾಯಿ ಮರ್‍ಗಯೀ!"

ಅಷ್ಟರಲ್ಲಿ ಪವಾಯಿಯಿಂದ ಬಂದ ಹರಿಣಿ ಗುಂಪನ್ನು ಸೀಳಿಕೊಂಡು ಮುಂದೆ ಬಂದಳು. ಹನ್ನೆರಡನೇ ಮನೆಯ ನೆಪಚೂನ ಯಾರು ಎಂದು ಎಲ್ಲರೂ ಅವಳತ್ತ ತಿರುಗಿ ಒಟ್ಟಿಗೆ ಕೇಳಿದರು. ಒಳ್ಳೆಯ ಹುಡುಗಿ, ಸಹಾಯ ಮಾಡಬೇಕೆಂದೇ ಬಾಯಿ ತೆರೆದಳು.

"ಅಂಕಲ್, ಸಾರಿ! ನಿಮ್ಮ ಹುಟ್ಟಿದ ಟೈಮ್ ಬೆಳಗಿನ ಜಾವ ಅಂತ ವಸಂತಿ ಆಂಟಿ ಹೇಳಿದ್ರು. ನಾನು ಮಧ್ಯಾಹ್ನ ಅಂತ ಹಾಕಿಬಿಟ್ಟಿದ್ದೆ. ನೆಪ್ಚೂನ್ ಹನ್ನೆರಡನೇ ಮನೇಲಿ ಇಲ್ಲವೇ ಇಲ್ಲ. ಆರನೇ ಮನೇಲಿ ಇದೆ!"

ಆರನೇ ನಂಬರಿನ ಇಂದ್ರಾಬಾಯಿ ಕಿರುಚಿದ ರಭಸಕ್ಕೆ ಕಾಗೆಗಳು ಹಾರಿದವು. "ನನ್ನ ಮನೇಲಿ ಯಾರೂ ಇಲ್ಲ! ಬೇಕಾದ್ರೆ ಬಂದು ನೋಡಿ! ಮಂಚದ ಕೆಳಗೂ ನೋಡಿ!" ಎಂದು ಓಡಿ ಹೋಗಿ ಬಾಗಿಲಿಗೆ ಅಡ್ಡ ನಿಂತಳು. ಮೆಟ್ಟಿಲ ಮೇಲೆ ನಮಸ್ತೆ ಹೇಳಿದವನನ್ನು ತಾನು ಕಂಡೇ ಇಲ್ಲವೆಂದು ಆ ಕ್ಷಣದಿಂದ ಆಣೆ ಇಡತೊಡಗಿದಳು.

"ಬೀಗ ತಗೀರಿ" ಎಂದ ಗದಿಗೆಪ್ಪ.

ಹನ್ನೆರಡನೇ ನಂಬರಿನ ಬಾಗಿಲು ತೆರೆಯಿತು. ಒಳಗೆ ಗಡ್ಡದವನಿಲ್ಲ, ರಿಂಗಿನವನಿಲ್ಲ. ಬಿಚ್ಚಿದ ಚಾಪೆ, ತಗ್ಗು ಬಿದ್ದ ತಲೆದಿಂಬು, ಚಾ ಒಣಗಿದ ಲೋಟ, ಹಗ್ಗದ ಮೇಲೆ ಒಂದು ಲುಂಗಿ. ಕಿಟಕಿಯಲ್ಲಿ ತುಳಸಿ ಕಡ್ಡಿಯಾಗಿ ನಿಂತಿತ್ತು.

ವಸಂತಿ ಲುಂಗಿಯ ಅಂಚು ಹಿಡಿದು ನೋಡಿದಳು. "ಇದು ನಾನು ಒಗೆದದ್ದು" ಎಂದಳು. ಆ ದನಿ ಕೇಳಿ ಗದಿಗೆಪ್ಪ ಕೂಡ ಒಂದು ಹೆಜ್ಜೆ ಹಿಂದೆ ಸರಿದ.

"ನಾನೇ ಸಾಹೇಬ್ರೆ" ಎಂದ ಕಾಂತಪ್ಪ, ಸಣ್ಣ ದನಿಯಲ್ಲಿ. "ಮಧ್ಯಾಹ್ನ ಸ್ವಲ್ಪ ಹೊತ್ತು ಮಲಗ್ತಿದ್ದೆ. ನೆಪಚೂನ ಅಂದರೆ ಗ್ರಹ. ಶನಿ, ಗುರು ಇದ್ದ ಹಾಗೆ. ಇಲ್ಲಿ ಯಾರೂ ಇರಲಿಲ್ಲ."

ಸತ್ಯ ಹೇಳಿದ ಮೇಲೆ ಎಲ್ಲ ಸರಿಯಾಗುತ್ತದೆಂದು ಅವನು ತಿಳಿದಿದ್ದ. ಸುಹಾಸ ಎದ್ದು ಬಂದು ಅವನ ಬಾಯಿಗೆ ಕೈ ಅಡ್ಡ ಹಿಡಿದ.

"ಗಧೇ! ಇದನ್ನು ಹೇಳಬೇಡ! ಬಾಡಿಗೆಯವನು ಇದ್ದರೆ ಗುರುಬಾಯಿ ಮನೆ ಒಂದೇ ಹೋಗ್ತದೆ. ನೀನು ಇದ್ದೆ ಅಂದರೆ ಒಬ್ಬ ಆದ್ಮಿ, ಎರಡು ಮನೆ! ಬಾರಾ ನಂಬರೂ ಹೋಯ್ತು, ನೌ ನಂಬರೂ ಹೋಯ್ತು! ನಿನ್ನ ಹೆಂಡತಿಯೂ ರಸ್ತೆ ಮೇಲೆ!"

"ಹಾಗಾದರೆ ಯಾರೂ ಇರಲಿಲ್ಲ ಅಂತ ಹೇಳುವ."

"ನಾನು ಲಿಖಿತ ದೂರು ಕೊಟ್ಟಿದೇನಲ್ಲ! ಅವನನ್ನು ನೋಡಿದ್ದೇವೆ ಅಂತ ಇಡೀ ಚಾಳ್ ಹೇಳಿದೆಯಲ್ಲ!"

ಗದಿಗೆಪ್ಪ ಟೋಪಿ ತೆಗೆದು ತಲೆ ಕೆರೆದುಕೊಂಡ. "ನಾ ಹೋಗಿ ಸಾಹೇಬರ ಮುಂದ ಏನಂತ ಹೇಳ್ಲಿ? ಗ್ರಹ ಇತ್ರೀ, ಬಿಟ್ಟ ಬಂದೆ ಅನ್ಲಿ? ಮನಶ್ಯಾ ಇದ್ದಾ ಅಂತ ಕಂಪ್ಲೇಂಟ ಐತಿ. ಮನಶ್ಯಾ ಹೋದಾ ಅಂತ ಆಗಬೇಕ. ನಿಮ್ಮ ನಿಮ್ಮಾಗ ಏನರೆ ಮಾಡ್ಕೋರಿ. ಶನಿವಾರ ಸಂಜೀಕ ಬರ್ತೀನಿ. ಒಬ್ಬಾಂವ ಗಂಟು ಕಟಗೊಂಡ ಹೊರಗ ಹೋಗೂದು ನನಗ ಕಾಣಬೇಕ. ಮಾರಿ ಬ್ಯಾಡ, ಬೆನ್ನ ಕಂಡರ ಸಾಕು."

ಆ ರಾತ್ರಿಯೇ ವಸಂತಿ ವಿಜಯಪುರಕ್ಕೆ ಫೋನು ಮಾಡಿದಳು. ಶುಕ್ರವಾರ ಬೆಳಿಗ್ಗೆ ಗುರುಬಾಯಿ ರೈಲಿಳಿದು ಬಂದಳು. ಮೊದಲು ತುಳಸಿಯನ್ನು ನೋಡಿದಳು. ಆಮೇಲೆ ಒಂಬತ್ತನೇ ನಂಬರಿಗೆ ಬಂದು ಹೊಸ್ತಿಲ ಮೇಲೆ ಕೂತಳು.

"ಕಾಂತಪ್ಪಾ, ಹೊರಗ ಬಾ."

ಕಾಂತಪ್ಪ ಬಂದ.

"ಬಾಣಂತೀನ ಬಿಟ್ಟ ಬಂದೀನಿ ನಾ. ಎಂಟ ದಿನದ ಕೂಸು. ನನ್ನ ಗಂಡ ಈ ಊರಾಗ ಮೂವತ್ತ ಬಿಲ್ಡಿಂಗ ಕಟ್ಯಾನ. ಒಂದರಾಗೂ ಅವಗ ಒಂದ ಮೂಲಿ ಸಿಗಲಿಲ್ಲ. ಈಗ ನನಗೊಂದ ಸಿಗತೈತಿ ಅಂತ ಕುಂತೀನಿ. ಅದರಾಗ ನೀ ಮಲಕೊಂಡಿ. ಮಲಕೊಂಡಾಂವ ಸುಮ್ನ ಇದ್ದೇನ? ಗ್ರಹ ಬಂದೈತಿ ಅಂತ ಡಂಗುರಾ ಹೊಡದಿ."

"ಅಕ್ಕ, ನಾನು ನಾಟಕ ಬರೆಯುವ ಅಂತ..."

"ಬರದೇನ?"

"ಪರದೆ ಮೇಲೇಳುತ್ತದೆ ಅಂತ ಬರೆದೆ."

"ಅಷ್ಟನ?"

"ಅಷ್ಟೇ."

ಗುರುಬಾಯಿ ವಸಂತಿಯ ಕಡೆ ತಿರುಗಿ, "ತಂಗೀ, ಇಂವನ್ನ ಹೆಂಗ ಸಾಕಿದಿ ಇಷ್ಟ ದಿನಾ?" ಎಂದಳು. ಬೈದದ್ದಕ್ಕಿಂತ ಹೆಚ್ಚಾಗಿ ಆ ಪ್ರಶ್ನೆ ಕಾಂತಪ್ಪನಿಗೆ ಚುಚ್ಚಿತು. ಯಾಕೆಂದರೆ ಕೇಳಿದ್ದರಲ್ಲಿ ನಿಜವಾದ ಕುತೂಹಲ ಇತ್ತು.

ಸಂಜೆ ಸುಹಾಸನ ಮನೆಯಲ್ಲಿ ಸಭೆ. ಫೋರ್ಟಿನಿಂದ ಕೊರಗಪ್ಪನವರನ್ನೂ ಕರೆಸಿದ್ದರು. ಗಂಟು ಕಟ್ಟಿಕೊಂಡು ಹೋಗುವವನು ಯಾರು ಎಂಬುದೇ ಪ್ರಶ್ನೆ. ಸುಹಾಸ ಸೆಕ್ರೆಟರಿ, ಅವನು ಹೋಗುವ ಹಾಗಿಲ್ಲ. ಶನಿವಾರ ಹೋದವನು ಮರುದಿನ ಚಾಳಿನಲ್ಲಿ ಕಾಣಿಸಬಾರದು, ಬೇರೆ ಗಂಡಸರೆಲ್ಲ ರವಿವಾರ ತಂತಮ್ಮ ಮನೆಯಲ್ಲಿ ಕಾಣಿಸಲೇಬೇಕು. ಸ್ಟೇಶನ್ನಿನಿಂದ ಯಾರಾದರೂ ಕೂಲಿಯವನನ್ನು ಕರೆತರೋಣವೆಂದು ಕಾಂತಪ್ಪ ಸಲಹೆ ಕೊಟ್ಟ. ನೆಪಚೂನನ ಕೃಪೆಯಿಂದ ತನಗೆ ಹೊಳೆದ ಉಪಾಯ ಎಂದೂ ಸೇರಿಸಿದ. ಯಾರೂ ಅವನ ಕಡೆ ನೋಡಲಿಲ್ಲ.

"ಇವರೇ ಹೋಗಲಿ" ಎಂದಳು ವಸಂತಿ.

"ಒಂಬತ್ತನೇ ನಂಬರಿನಲ್ಲಿ ಗಂಡಸು ಬೇಡವಾ ರವಿವಾರ?" ಎಂದರು ಕೊರಗಪ್ಪ.

"ಮನೆ ನಮ್ಮ ಅಪ್ಪನದು ಅಣ್ಣ, ನನ್ನ ಹೆಸರಿಗೆ ಉಂಟು. ನಾನಿದ್ದೇನೆ, ಸಾಕು. ಗಂಡ ಎಲ್ಲಿ ಅಂತ ಕೇಳಿದರೆ ಫೋರ್ಟಿನಲ್ಲಿ ಕೆಲಸ, ಅಲ್ಲಿಯೇ ಇರ್ತಾರೆ ಅಂತ ಹೇಳ್ತೇನೆ."

"ಒಂದು ದಿನ ಅಲ್ವಾ, ಎಂತ ಮಹಾ" ಎಂದ ಕಾಂತಪ್ಪ. ಅವನಿಗೆ ಒಳಗೊಳಗೇ ಖುಷಿಯೂ ಆಗಿತ್ತು. ನಾಟಕ ಬರೆಯಲಾಗದಿದ್ದರೇನು, ಪಾತ್ರವಾದರೂ ಸಿಕ್ಕಿತಲ್ಲ! ರಾತ್ರಿ ಕನ್ನಡಿಯ ಮುಂದೆ ನಿಂತು ಬೇರೆಯವರ ಹಾಗೆ ನಡೆಯುವುದನ್ನು ಅಭ್ಯಾಸ ಮಾಡಿದ. ಎಡಗಾಲು ಸ್ವಲ್ಪ ಎಳೆದರೆ ದೂರದಿಂದ ಬಂದವನ ಹಾಗೆ ಕಾಣಿಸುತ್ತದೆಂದು ನಿಶ್ಚಯಿಸಿದ.

ಶನಿವಾರ ಸಂಜೆ ಗದಿಗೆಪ್ಪ ಬಂದು ಓಣಿಯ ಮೂಲೆಯಲ್ಲಿ ಚಾ ಗ್ಲಾಸು ಹಿಡಿದು ನಿಂತ. ಹನ್ನೆರಡನೇ ನಂಬರಿನ ಬಾಗಿಲು ತೆರೆಯಿತು. ತಲೆಗೆ ಟವೆಲು ಸುತ್ತಿ, ಹೆಗಲ ಮೇಲೆ ಹಾಸಿಗೆಯ ಸುರುಳಿ ಹೊತ್ತು, ಎಡಗಾಲು ಎಳೆಯುತ್ತ ಒಬ್ಬ ಹೊರಗೆ ಬಂದ. ಅವನ ಕೈಯಲ್ಲಿ ಒಂದು ಚೀಲ. ಅದರಲ್ಲಿ ಎರಡು ಅಂಗಿಯ ಬದಲು ಇದ್ದಬದ್ದ ಅಂಗಿಗಳೆಲ್ಲ ಇದ್ದವು. ತುಂಬಿಸಿಕೊಟ್ಟವಳು ವಸಂತಿ. ಭಾರ ಯಾಕಿಷ್ಟು ಎಂದು ಅವನಿಗೆ ಆಗ ಹೊಳೆಯಲಿಲ್ಲ.

ಚಾಳಿನವರು ಎರಡೂ ಬದಿಯಲ್ಲಿ ನಿಂತಿದ್ದರು. ಅವನು ಕಾಂತಪ್ಪ ಎಂದು ಎಲ್ಲರಿಗೂ ಗೊತ್ತಿತ್ತು. ಆದರೂ ಅಷ್ಟು ದಿನ ಮಾತಾಡಿ ಮಾತಾಡಿ ನೆಪಚೂನ ಅವರಿಗೆ ಎಷ್ಟು ಬಳಕೆಯಾಗಿದ್ದನೆಂದರೆ, ಅವನು ಹೋಗುವುದನ್ನು ನೋಡುವಾಗ ಕೆಲವರು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಒಬ್ಬ ಮುದುಕಿ ಕೈ ಮುಗಿದಳು. ಇಂದ್ರಾಬಾಯಿ ನಿಂಬೆಹಣ್ಣು ಇಳಿಸಿ ಒಗೆದಳು, ತನ್ನ ಆರನೇ ನಂಬರಿನ ಕಡೆ ತಿರುಗದಿರಲಿ ಎಂದು. ವಂದನಾ ಗಂಡನ ಕಿವಿಯಲ್ಲಿ ಹೇಳಿದಳು: "ಬಿಚಾರಾ, ಬೆನ್ನು ನೋಡಿದರೆ ಒಳ್ಳೆಯವನ ಥರ ಕಾಣ್ತಾನೆ. ನಮ್ಮ ಕಾಂತಪ್ಪಣ್ಣನಿಗಿಂತ ಶಿಸ್ತಾಗಿ ನಡೀತಾನೆ."

ಓಣಿಯ ಮಧ್ಯಕ್ಕೆ ಬಂದಾಗ ಕಾಂತಪ್ಪನಿಗೆ ಒಮ್ಮೆ ಹಿಂದೆ ನೋಡಬೇಕೆನಿಸಿತು. ಒಂಬತ್ತನೇ ನಂಬರಿನ ಬಾಗಿಲಲ್ಲಿ ವಸಂತಿ, ಗುರುಬಾಯಿ ಇಬ್ಬರೂ ನಿಂತಿದ್ದರು.

"ತಿರುಗಬೇಡಿ" ಎಂದಳು ವಸಂತಿ. "ಹವಾಲ್ದಾರರಿಗೆ ಬೆನ್ನು ಮಾತ್ರ ಕಾಣಬೇಕು."

"ನಾಡಿದ್ದು ಸೋಮವಾರ ಬರ್ತೇನೆ" ಎಂದ ಅವನು, ಮುಂದೆ ನೋಡಿಕೊಂಡೇ.

"ಅಣ್ಣನ ಹೋಟೆಲಿನ ಮಾಳಿಗೆಯಲ್ಲಿ ಕೆಲಸದವರೆಲ್ಲ ಮಲಗ್ತಾರಲ್ಲ, ಅಲ್ಲಿ ಚಾಪೆಗೆ ಜಾಗ ಉಂಟಂತೆ. ಮಾತಾಡಿ ಆಗಿದೆ. ಬೆಳಗಿನ ಪಾಳಿಗೂ ಅನುಕೂಲ."

"ಎಷ್ಟು ದಿನ?"

ವಸಂತಿ ಬಾಗಿಲಿನಿಂದ ಒಳಗೆ ಸರಿದಳು. ಕೊರಗಪ್ಪ ಮೂಲೆಯಲ್ಲಿ ರಿಕ್ಷಾ ನಿಲ್ಲಿಸಿಕೊಂಡು ಕಾಯುತ್ತಿದ್ದರು. ಹತ್ತುವಾಗ ಕಾಂತಪ್ಪ ಎಡಗಾಲು ಎಳೆಯುವುದನ್ನು ಮರೆತ. ಗದಿಗೆಪ್ಪ ಅದನ್ನು ನೋಡಿಯೂ ನೋಡದ ಹಾಗೆ ಚಾ ಗ್ಲಾಸು ಕೆಳಗಿಟ್ಟು, "ಹೋದಾ" ಎಂದು ಹೇಳಿ ತಾನೂ ಹೋದ.

ರವಿವಾರ ಬಿಲ್ಡರನ ಜನ ಬಂದರು. ಗುರುಬಾಯಿ ತನ್ನ ಮನೆಯ ನಡುವೆ ಕಾಲು ಚಾಚಿ ಕೂತು ರೊಟ್ಟಿ ಬಡಿಯುತ್ತಿದ್ದಳು. ಅವಳ ಹೆಸರು ಬರೆದುಕೊಂಡರು. ವಸಂತಿಯ ಹೆಸರನ್ನೂ ಬರೆದುಕೊಂಡರು. ಗಂಡ ಎಲ್ಲಿ ಎಂದು ಒಬ್ಬ ಕೇಳಿದ, ಉತ್ತರ ಕೇಳಿಸಿಕೊಳ್ಳುವ ಮೊದಲೇ ಹತ್ತನೇ ನಂಬರಿಗೆ ದಾಟಿದ. ಹನ್ನೆರಡರಲ್ಲಿ ಯಾರೋ ಬಾಡಿಗೆಗಿದ್ದನಂತಲ್ಲ ಎಂದು ಇನ್ನೊಬ್ಬ ಸುಹಾಸನನ್ನು ಕೇಳಿದಾಗ ಸುಹಾಸ, "ಇದ್ದ. ಖಾಲಿ ಮಾಡಿ ಹೋದ. ಇಡೀ ಚಾಳ್ ಸಾಕ್ಷಿ" ಎಂದ. ಅದು ಅಲ್ಲಿಗೆ ಮುಗಿಯಿತು.

ಗುರುಬಾಯಿ ಮತ್ತೆ ಬಾಣಂತಿಯ ಹತ್ತಿರ ಹೊರಟಾಗ ಬೀಗದ ಕೈಯನ್ನು ವಸಂತಿಗೇ ಕೊಟ್ಟು ಹೋದಳು. ವಸಂತಿ ದಿನಾ ಕೆಲಸದಿಂದ ಬಂದು ಡ್ರಮ್ಮು ತುಂಬಿಸುತ್ತಾಳೆ, ಬಾಗಿಲು ತೆರೆದಿಟ್ಟು ಗಾಳಿಗೆ ಕೂರುತ್ತಾಳೆ. ಕಾಂತಪ್ಪ ಎರಡು ಸಲ ಫೋನು ಮಾಡಿದ. ಮಾಳಿಗೆಯಲ್ಲಿ ಸೆಕೆ ಎಂದ, ತಿಗಣೆ ಎಂದ, ಇಲ್ಲಿ ಕಲೆಗೆ ವಾತಾವರಣ ಇಲ್ಲ ಎಂದ. ಎಲ್ಲ ಕೇಳಿ ಅವಳು, ಅಣ್ಣನಿಗೆ ಹೇಳಿ ನೋಡಿ ಎಂದು ಫೋನು ಇಟ್ಟಳು.

ಚಾಳಿನಲ್ಲಿ ಈಗಲೂ ಸಂಜೆ ನಲ್ಲಿಯ ಹತ್ತಿರ ಆ ಮಾತು ಬರುತ್ತದೆ. ಎಂಥಾ ಮನುಷ್ಯ, ಯಾರಿಗೂ ತೊಂದರೆ ಕೊಟ್ಟವನಲ್ಲ, ಪೊಲೀಸರು ಬಂದರೂ ಒಂದು ಮಾತು ಎದುರಾಡದೆ ಗಂಟು ಕಟ್ಟಿಕೊಂಡು ನಡೆದ ಎಂದು ಹೊಗಳುತ್ತಾರೆ. ಕಾಂತಪ್ಪ ಹೋದದ್ದನ್ನು ಹೇಳುವವರು ಯಾರೂ ಇಲ್ಲ. ಅವರನ್ನು ಕೇಳಿದರೆ, ಚಾಳಿನಿಂದ ಹೋದವನು ನೆಪಚೂನ, ಹೋದದ್ದು ಶನಿವಾರ.